ಎರಡನೇ ಚೇಂಬರಿನ ನಸುಗೆಂಪು ಗೋಡೆ

ನನ್ನ ಮೊಣಕಾಲುಗಳು ಈಗ ಚಳಿ ತಡೆಯುವುದಿಲ್ಲ. ವರ್ಷಗಟ್ಟಲೆ ತಂಪಿನಲ್ಲಿ ಓಡಾಡಿದವರಿಗೆ ಇದು ಬಂದೇ ಬರುತ್ತದೆ ಎಂದು ಡಾಕ್ಟರರು ಹೇಳುತ್ತಾರೆ. ಮನೆಯವರು ಬೆಳಗ್ಗೆ ಕಂಬಳಿ ಹೊದಿಸಿ ಬಿಸಿಲಿಗೆ ಕೂಡಿಸಿ ಹೋಗುತ್ತಾರೆ. ಕೂತಲ್ಲಿ ಮಾಡಲು ಕೆಲಸವಿಲ್ಲ, ಆದ್ದರಿಂದ ಮಾಡಿದ ಕೆಲಸಗಳೆಲ್ಲ ನೆನಪಿಗೆ ಬರುತ್ತವೆ. ಹೆಚ್ಚಿನವು ಬಂದ ಹಾಗೇ ಹೋಗುತ್ತವೆ. ಒಂದು ಮಾತ್ರ ಬಂದರೆ ಸಂಜೆಯವರೆಗೆ ಎದ್ದು ಹೋಗುವುದಿಲ್ಲ. ಹತ್ತನೇ ಇಯತ್ತೆ ಪಾಸಾಗಿ ಅಲ್ಲಿಗೇ ಓದು ನಿಲ್ಲಿಸಿದವನು ನಾನು, ಬರೆದು ರೂಢಿಯಿಲ್ಲ. ಆದರೂ ಅದೊಂದನ್ನು ಬರೆಯುತ್ತೇನೆ.

ಎಂಬತ್ತರ ದಶಕದ ಕೊನೆಗೆ ಅಥಣಿ ಸೀಮೆಯಲ್ಲಿ ದ್ರಾಕ್ಷಿ ಹಬ್ಬಿತು. ಜೋಳ ಬಿತ್ತುತ್ತಿದ್ದ ಹೊಲಗಳಲ್ಲಿ ಕಲ್ಲುಕಂಬ ನೆಟ್ಟು ತಂತಿ ಎಳೆದರು. ನಾನು ಆಗ ನಿಪ್ಪಾಣಿಯಲ್ಲಿ ಒಬ್ಬ ಸಾವಕಾರರ ತಂಬಾಕಿನ ವಖಾರಿಯಲ್ಲಿ ಕಾರಕೂನನಾಗಿದ್ದೆ. ಸಾವಕಾರರು ನಮ್ಮವರೇ, ಜೈನರು. ತಂಬಾಕು ಮಾರಿ ಮಾರಿ ಮನಸ್ಸಿಗೆ ಬೇಸರ ಬಂದಿದೆ, ಇನ್ನು ಜನ ತಿನ್ನುವ ಪದಾರ್ಥದ ವ್ಯಾಪಾರ ಮಾಡುತ್ತೇನೆ ಎಂದು ಅವರು ಅಥಣಿಯಿಂದ ಕಾಗವಾಡಕ್ಕೆ ಹೋಗುವ ರಸ್ತೆಯ ಬದಿಗೆ ಒಂದು ಕೋಲ್ಡ್ ಸ್ಟೋರೇಜ್ ಕಟ್ಟಿಸಿದರು. ಕಾಗವಾಡ ನನ್ನ ಊರಾದ್ದರಿಂದ ನನ್ನನ್ನೇ ಅದರ ಉಸ್ತುವಾರಿಗೆ ಹಾಕಿದರು. ತಂಬಾಕಿನ ಘಾಟಿನಿಂದ ಪಾರಾದೆನೆಂದು ನಾನು ಖುಷಿಪಟ್ಟೆ. ಇಲ್ಲಿ ಬಂದರೆ ಅಮೋನಿಯಾದ ಘಾಟು.

ಆ ಘಾಟಿನ ಒಡೆಯ ನಮ್ಮ ಮಿಸ್ತ್ರಿ. ಅಮೋನಿಯಾದಿಂದ ತಂಪು ಮಾಡುವ ಕಂಪ್ರೆಸರ್ ನಡೆಸುವವನು, ಮುಸಲ್ಮಾನ, ನನಗಿಂತ ಸ್ವಲ್ಪ ಹಿರಿಯನಾದರೂ ನನ್ನನ್ನು ಅಣ್ಣಾರ ಎನ್ನುತ್ತಿದ್ದ. ಕಟ್ಟಡದಲ್ಲಿ ಸಾಲಾಗಿ ಚೇಂಬರುಗಳು, ಅಂದರೆ ಕಿಟಕಿಯಿಲ್ಲದ ದೊಡ್ಡ ಕೋಣೆಗಳು. ಒಳಗೆ ತಂಪಿನ ಕೊಳವೆಗಳು, ಕೊಳವೆಗಳ ಮೇಲೆ ಸದಾ ಹಿಮ. ಬೇಸಿಗೆಯಲ್ಲಿ ಹಸಿ ದ್ರಾಕ್ಷಿಯ ಡಬ್ಬಿ ಬರುತ್ತಿದ್ದವು, ಆಮೇಲೆ ವರ್ಷವಿಡೀ ಮಣೂಕ, ಅಂದರೆ ಒಣದ್ರಾಕ್ಷಿ. ಹೊರಗೆ ಚೈತ್ರದ ಬಿಸಿಲು ಸುಡುತ್ತಿದ್ದಾಗ ನಾವು ಕೋಟು, ಮಫ್ಲರು ಕಟ್ಟಿಕೊಂಡು ಒಳಗೆ ಹೋಗುತ್ತಿದ್ದೆವು. ರಸ್ತೆಯಲ್ಲಿ ಹೋಗುವವರು ನೋಡಿ ನಗುತ್ತಿದ್ದರು.

ಆ ಹುಡುಗಿ ಮೊದಲು ಬಂದದ್ದು ಅಂಥ ಒಂದು ಬೇಸಿಗೆಯಲ್ಲಿ, ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ಮುಗಳಖೋಡದ ಕಡೆಯ ಒಕ್ಕಲುತನದ ಮನೆಯವಳು, ಅವಳೂ ಜೈನಳೇ. ಎಂ.ಎಸ್ಸಿ. ಮುಗಿಸಿ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ.ಗೆ ಓದುತ್ತಿದ್ದಳು. ದ್ರಾಕ್ಷಿಗೆ ಹಿಡಿಯುವ ಬೂಷ್ಟಿನ ಮೇಲೆ ಅವಳ ಅಭ್ಯಾಸ. ಬಸ್ಸಿನಿಂದ ಇಳಿದು, ಹೆಗಲ ಚೀಲದಲ್ಲಿ ಗಾಜಿನ ನಳಿಗೆಗಳು ಕಿಣಿಕಿಣಿ ಅನ್ನುತ್ತಿರಲು ಗೇಟಿನಲ್ಲಿ ಬಂದು ನಿಂತು, ಕೆಟ್ಟ ದ್ರಾಕ್ಷಿ ಇದ್ದರೆ ಕೊಡಿ ಎಂದಳು.

ಮಿಸ್ತ್ರಿ ಬೀಡಿ ಆರಿಸಿ ಅವಳನ್ನು ನೋಡಿದ. “ಅರೇ ಬೇಟಿ, ಎಲ್ಲಾರೂ ಛಲೋ ದ್ರಾಕ್ಷಿ ಬೇಡಾಕ ಬರ್ತಾರ. ನೀ ಬೂಷ್ಟು ಬೇಡಾಕ ಬಂದಿ. ಒಯ್ಯವಾ ಒಯ್ಯಿ, ಪುಣ್ಯಾ ಬರ್ತೈತಿ. ನಮ್ಮ ಅಣ್ಣಾರಿಗೆ ಅದನ್ನ ಎಲ್ಲಿ ಚೆಲ್ಲಬೇಕಂತ ತಿಳಿಯದಂಗಾಗೇತಿ.”

“ಚೆಲ್ಲಬ್ಯಾಡ್ರಿ ಚಾಚಾ, ಅದರ ಮ್ಯಾಲ ನನ್ನ ಡಿಗ್ರಿ ಐತಿ,” ಎಂದಳು. ಅಂದಿನಿಂದ ಅವಳು ನಮಗೆ ಪರಕೀಯಳೆನಿಸಲಿಲ್ಲ. ನನ್ನನ್ನು ಕಾಕಾ ಎನ್ನುತ್ತಿದ್ದಳು. ಊರಿಗೆ ಹೋಗುವಾಗ, ಬರುವಾಗ ಇಳಿದು ಹೋಗುತ್ತಿದ್ದಳು.

ಒಂದು ಸಲ ಒಳಗಿನಿಂದ ಬಂದವಳು ಕೈ ಉಜ್ಜಿಕೊಳ್ಳುತ್ತ ಕೇಳಿದಳು. “ಕಾಕಾ, ಎರಡನೇ ಚೇಂಬರಿನ್ಯಾಗ ಎಲ್ಲಾ ಕಡೆ ಡಬ್ಬಿಗೆ ಬೂಷ್ಟು ಹತ್ತೇತಿ. ಆ ಹಿಂದಿನ ಮೂಲ್ಯಾಗಿನ ಡಬ್ಬಿಗೆ ಮಾತ್ರ ಹತ್ತಿಲ್ಲ. ಯಾಕ?”

“ಅಲ್ಲಿ ಗಾಳಿ ಛಲೋ ಬಡೀತಿರಬೇಕವ್ವಾ,” ಎಂದೆ. ನಾನು ಅದನ್ನು ಗಮನಿಸಿಯೇ ಇರಲಿಲ್ಲ.

ಅವಳು ನನ್ನನ್ನು ಕರೆದುಕೊಂಡು ಹೋಗಿ ಬ್ಯಾಟರಿ ಬಿಟ್ಟು ತೋರಿಸಿದಳು. ಕೊಳವೆಗಳಿಂದ ಹನಿಯುವ ನೀರಿಗೆ ಆ ಮೂಲೆಯ ಗೋಡೆ ತೇವವಾಗಿತ್ತು. ತೇವದ ಮೇಲೆ ಮಾರುದ್ದ ಗೋಡೆಗೆ ನಸುಗೆಂಪಾದ ಒಂದು ಲೇಪ, ಒಳಗೆ ಕೆಂಪಿರುವ ಪೇರಲ ಹಣ್ಣಿನ ಬಣ್ಣದ್ದು. ಮುಟ್ಟಿದರೆ ಜಾರುತ್ತಿತ್ತು. ಅದೇ ಲೇಪ ಗೋಡೆಗೆ ತಾಗಿದ ಡಬ್ಬಿಗಳ ಮೈಗೂ ಹತ್ತಿತ್ತು. ಎಷ್ಟೋ ದಿನದಿಂದ ನಾನು ಅದನ್ನು ತುಕ್ಕಿನ ನೀರಿನ ಕಲೆ ಅಂದುಕೊಂಡಿದ್ದೆ.

ಅದು ಕಲೆಯಲ್ಲ, ಜೀವ ಎಂದು ಅವಳು ಹೇಳಿದಳು. ಬ್ರೆಡ್ಡಿನ ಹಿಟ್ಟು ಉಬ್ಬಿಸುತ್ತದಲ್ಲ, ಆ ಈಸ್ಟಿನ ಜಾತಿಯದು. ಆದರೆ ತಂಪಿನಲ್ಲಿ ಬೇರೆ ಜೀವಗಳೆಲ್ಲ ಮಲಗಿದರೆ ಇದು ಎದ್ದು ಕೆಲಸ ಮಾಡುತ್ತದೆ. ಅದು ಹೇಗೆ ಎಂದು ನಾನು ಕೇಳಿದೆ. ಮಾಗಿಯಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದೆ, ಕುಸುಬಿ ಎಣ್ಣೆ ಆಗುವುದಿಲ್ಲ, ಅಲ್ಲವೇ ಕಾಕಾ, ಎಂದಳು. ತಂಪಿಗೆ ಒಗ್ಗಿದ ಜೀವಗಳು ತಮ್ಮ ಮೈಯೊಳಗಿನ ಕೊಬ್ಬನ್ನು ಕುಸುಬಿ ಎಣ್ಣೆಯ ಹಾಗೆ ತೆಳ್ಳಗೆ ಇಟ್ಟುಕೊಳ್ಳುತ್ತವೆ, ಹೀಗಾಗಿ ಅವುಗಳ ಮೈ ಸೆಟೆಯುವುದಿಲ್ಲ. ಆ ಕೆಂಪು ಬಣ್ಣ ಗಜ್ಜರಿಯ ಬಣ್ಣಕ್ಕೆ ದಾಯಾದಿ. ಕೆಲವು ಜೀವಗಳು ತಣ್ಣೀರಿನಲ್ಲೇ ಜಿಡ್ಡು ಕರಗಿಸುವ ರಸ ಮಾಡುತ್ತವಂತೆ. ಅದು ಸಿಕ್ಕರೆ ಅರಿವೆ ಒಗೆಯಲು ನೀರು ಕಾಯಿಸಬೇಕಾಗಿಲ್ಲ. ನೀರು ಹರಳುಗಟ್ಟದಂತೆ ತಡೆಯುವ ಪದಾರ್ಥ ಮಾಡುವವೂ ಇವೆಯಂತೆ. ಹಿಮದ ಬೆಟ್ಟಗಳಲ್ಲಿ, ಸಮುದ್ರದ ತಳದಲ್ಲಿ ದೊಡ್ಡ ದೊಡ್ಡವರು ಹುಡುಕುತ್ತಿರುವುದು ಇಂಥವನ್ನೇ. ಅವಳಿಗೆ ಅಥಣಿಯ ಬಿಸಿಲಿನ ನಡುವೆ, ನಮ್ಮ ಗೋಡೆಯ ಮೇಲೆ ಸಿಕ್ಕಿತ್ತು.

ಮುಂದಿನ ಸಲ ಬಂದಾಗ ಅವಳು ಒಂದು ಗಾಜಿನ ತಟ್ಟೆ ತಂದಳು, ಅಂಗೈಯಗಲದ್ದು, ಮುಚ್ಚಳ ಸಹಿತ. ಆಫೀಸಿನ ಬಾಗಿಲಲ್ಲಿ ಬೆಳಕಿಗೆ ಹಿಡಿದು ತೋರಿಸಿದಳು. ನಡುವೆ ಆ ನಸುಗೆಂಪಿನ ಒಂದು ಗೀರು. ಸುತ್ತಲೂ ಬೂದು ಬಣ್ಣದ ಬೂಷ್ಟು ಹತ್ತಿಯಂತೆ ಬೆಳೆದಿತ್ತು. ಆದರೆ ಗೀರಿನ ಹತ್ತಿರ ಬಂದಿರಲಿಲ್ಲ. ಎರಡೂ ಬದಿಗೆ ಒಂದು ಬೆರಳಗಲ ಜಾಗ ಬಿಟ್ಟು, ಗೆರೆ ಕೊರೆದಂತೆ ನಿಂತಿತ್ತು. ಆ ಜಾಗದಲ್ಲಿ ಗಾಜು ಸ್ವಚ್ಛ ಕಾಣುತ್ತಿತ್ತು. ಆಗ ನನ್ನ ಕಣ್ಣು ಚೆನ್ನಾಗಿದ್ದವು. ನಾನು ಅದನ್ನು ಸರಿಯಾಗಿ ನೋಡಿದೆ.

“ಏನೋ ಒಂದು ರಸಾ ಬಿಡ್ತೈತಿ ಕಾಕಾ ಇದು. ಅದ ಏನಂತ ನಾ ಹುಡಕಬೇಕು. ಸಿಕ್ರ ದ್ರಾಕ್ಷಿಗೆ ಆ ವಿಷದ ಔಷಧ ಹೊಡಿಯೂದು ತಪ್ತೈತಿ. ನಮ್ಮ ಅಪ್ಪಾರ ಅಂಗೈ ನೋಡ್ರಿ, ಹೊಡದು ಹೊಡದು ಚರ್ಮಾ ಸುಲದೇತಿ,” ಎಂದಳು. ಆಮೇಲೆ ದನಿ ತಗ್ಗಿಸಿ, “ನಮ್ಮ ಗೈಡ್ ಸರ್ ಇನ್ನೂ ನಂಬವಲ್ರು. ಮತ್ತ ಮತ್ತ ಮಾಡಿ ತೋರ್ಸು ಅಂತಾರ. ತೋರ್ಸಿದ್ರ ಅಷ್ಟ ನಂದು ಮುಂದ ಹೋಗೂದು. ಮನ್ಯಾಗೂ ಇನ್ನ ಭಾಳ ದಿನಾ ತಡಿಯಂಗಿಲ್ಲ,” ಎಂದಳು.

ಹೋಗುವ ಮೊದಲು ಸೀಮೆಸುಣ್ಣದಿಂದ ಆ ಗೋಡೆಯ ಸುತ್ತ ಗೆರೆ ಎಳೆದಳು. “ಈ ಗೆರಿ ಒಳಗ ಯಾರೂ ಕೈ ಹಚ್ಚದಂಗ ನೋಡ್ಕೋರಿ. ನನ್ನ ನಳಿಗ್ಯಾಗಿಂದು ಕೆಟ್ರ ಮತ್ತ ಇಲ್ಲೇ ಬರಬೇಕು.”

“ನಾ ಇರೂತನಕ ಯಾಂವ ಕೈ ಹಚ್ತಾನ?” ಎಂದೆ. ನನ್ನ ಎದೆ ಉಬ್ಬಿತ್ತು. ಊರಲ್ಲಿ ಬಸದಿಯ ಕಟ್ಟೆಯ ಮೇಲೆ ಕೂತು, ನಮ್ಮ ಕೋಲ್ಡ್ ಸ್ಟೋರೇಜಿನಲ್ಲಿ ಸಂಶೋಧನೆ ನಡೆದಿದೆ, ಅದು ನನ್ನ ಸುಪರ್ದಿಯಲ್ಲಿದೆ ಎಂದು ಹೇಳಿಕೊಳ್ಳುತ್ತಿದ್ದೆ. ಅವಳ ಗೈಡರೂ ಒಮ್ಮೆ ಕಾರಿನಲ್ಲಿ ಬಂದು ನೋಡಿ ಹೋದರು. ಅವರ ಎದುರಿಗೆ ಅವಳು, “ಇದು ಉಳದದ್ದ ಈ ಕಾಕಾ ಅವರಿಂದ ಸರ್,” ಎಂದಳು. ಸಾಹೇಬರು ನನ್ನ ಕೈ ಕುಲುಕಿದರು.

ಆ ವರ್ಷ ದಸರೆ ಬಂತು. ನಮ್ಮ ಕಡೆ ಖಂಡೇನವಮಿಗೆ ಎಲ್ಲ ಯಂತ್ರಗಳನ್ನು ತೊಳೆದು, ಗೋಡೆಗಳಿಗೆ ಸುಣ್ಣ ಹಚ್ಚಿ, ಪೂಜೆ ಮಾಡುವುದು ರೂಢಿ. ಪೂಜೆಗೆ ಮುಂಚೆ ಸಾವಕಾರರು ನಿಪ್ಪಾಣಿಯಿಂದ ಬಂದು ಒಂದು ಸುತ್ತು ಹಾಕಿದರು. ಎರಡನೇ ಚೇಂಬರಿನ ಹಸಿ ದ್ರಾಕ್ಷಿ ಎಂದೋ ಹೋಗಿತ್ತು, ಮಣೂಕ ಇನ್ನೂ ಜೋಡಿಸಿರಲಿಲ್ಲ. ಗೋಡೆ ಎದ್ದು ಕಾಣುತ್ತಿತ್ತು.

“ಇದೇನಪಾ ಇದು, ಗೋಡಿಗೆ?” ಎಂದರು.

ಸಾವಕಾರರು ಬಹಳ ನೇಮದವರು. ಬೂಷ್ಟು, ಹಾವಸೆ, ಇಂಥವುಗಳಲ್ಲಿ ಲೆಕ್ಕವಿಲ್ಲದಷ್ಟು ಜೀವಗಳಿರುತ್ತವೆಂದು ನಮ್ಮ ಶಾಸ್ತ್ರ. ನಿನ್ನೆಯ ಅಡಿಗೆಯನ್ನು ಅವರು ಕಣ್ಣೆತ್ತಿಯೂ ನೋಡುವವರಲ್ಲ. ಅವರಿಗೆ ಆ ಹುಡುಗಿಯ ವಿಷಯವನ್ನು ನಾನು ಹೇಳಿರಲೇ ಇಲ್ಲ. ಊರೆಲ್ಲ ಹೇಳಿಕೊಂಡವನು ಮಾಲೀಕರಿಗೆ ಮಾತ್ರ ಹೇಳಿರಲಿಲ್ಲ. ಕೇಳದೆ ಹೊರಗಿನವರನ್ನು ಒಳಗೆ ಬಿಟ್ಟದ್ದು ತಪ್ಪೆಂದು ಗೊತ್ತಿತ್ತು.

“ಏನೋ ನೀರಿನ ಕಲಿ...” ಎಂದೆ.

ಅವರು ಬಗ್ಗಿ ನೋಡಿ, ಥಟ್ಟನೆ ಹಿಂದೆ ಸರಿದರು. “ಪೂಜಾಕ್ಕ ಬೀಗರು ಬರಾವ್ರದಾರ. ಕಲಿ ಕಾಣಬಾರ್ದು. ಆದ್ರ ನೋಡು, ಅದರಾಗ ಜೀವ ಐತೋ ಇಲ್ಲೋ ನನಗ ಹೇಳಬ್ಯಾಡ. ನಾ ತಗೀ ಅನ್ನಲಿಲ್ಲ. ಇಡು ಅನ್ನಲೂ ಇಲ್ಲ. ತಿಳೀತ?”

“ತಿಳೀತ್ರಿ,” ಎಂದೆ.

ತಿಳಿದದ್ದು ಇಷ್ಟೇ: ಪಾಪ ನನ್ನ ಪಾಲಿಗೆ ಬಂತು. ಸಾವಕಾರರನ್ನು ಅಲ್ಲೇ ನಿಲ್ಲಿಸಿ, ಇದು ಒಬ್ಬ ಹುಡುಗಿಯ ಓದು, ನಾನು ಮಾತು ಕೊಟ್ಟಿದ್ದೇನೆ ಎಂದಿದ್ದರೆ ಅವರು ಬೈಯುತ್ತಿದ್ದರು, ಬಿಡುತ್ತಿದ್ದರು. ಆ ಗೋಡೆಯ ಮುಂದೆ ಒಂದು ತಾಡಪತ್ರಿ ಇಳಿಬಿಟ್ಟಿದ್ದರೂ ಆಗುತ್ತಿತ್ತು. ಇದ್ಯಾವುದೂ ಆಗ ನನಗೆ ಹೊಳೆಯಲಿಲ್ಲ ಎಂದರೆ ಸುಳ್ಳು. ಹೊಳೆಯಿತು. ಬೈಸಿಕೊಳ್ಳುವುದು ಬೇಡವೆನಿಸಿತು. ಅವಳ ಹತ್ತಿರ ಹೇಗೂ ನಳಿಗೆಯಲ್ಲಿದೆಯಲ್ಲ ಎಂದು ಸಮಾಧಾನ ಮಾಡಿಕೊಂಡೆ. ಸುಣ್ಣಕ್ಕೆ ಮೈಲುತುತ್ತ ಬೆರೆಸಿ, ಕೂಲಿಯವರ ಕೈಗೆ ಕೊಡದೆ, ನಾನೇ ಬ್ರಷ್ ಹಿಡಿದೆ. ಒಂದು ಸಲಕ್ಕೆ ಕೆಂಪು ಮೇಲೆ ಬಂತು. ಮತ್ತೊಂದು ಸಲ ಬಳಿದೆ. ಸೀಮೆಸುಣ್ಣದ ಗೆರೆಯೂ ಮುಚ್ಚಿಹೋಯಿತು.

ಅಷ್ಟು ಜೀವಗಳನ್ನು ಕೊಂದೆನೆಂದು ನನಗೆ ನಿಜವಾಗಿಯೂ ಕಳವಳವಾಯಿತು. ಅಮಾವಾಸ್ಯೆಯವರೆಗೆ ಒಪ್ಪತ್ತು ಊಟ ಮಾಡಿದೆ, ಮೊಸರು ಬೆಲ್ಲ ಬಿಟ್ಟೆ. ಯಾಕೆಂದು ಮನೆಯಲ್ಲಿ ಕೇಳಿದರೆ ವ್ರತವೆಂದೆ. ಮಿಸ್ತ್ರಿಗೆ ಮಾತ್ರ ಎಲ್ಲ ಗೊತ್ತಿತ್ತು. ಊಟದ ಡಬ್ಬಿ ಬಿಚ್ಚದೆ ಕೂತ ನನ್ನನ್ನು ನೋಡಿ ಅವನು, “ಅಣ್ಣಾರ, ಇರಬಿ ತುಳದ್ರ ಉಪಾಸ ಮಾಡ್ತೀರಿ. ಆ ಬೇಟಿಗೆ ಏನ ಹೇಳ್ತೀರಿ?” ಎಂದ.

“ಅಕಿ ಹಂತ್ಯಾಕ ಐತಲ್ಲೋ, ನಳಿಗ್ಯಾಗ.”

“ಇದ್ರ ಅಲ್ಲಾನ ಪುಣ್ಯಾ. ಇರದಿದ್ರ?”

ಇರಲಿಲ್ಲ. ದಸರೆ ರಜೆಯಲ್ಲಿ ಅವಳ ಪ್ರಯೋಗಶಾಲೆಗೆ ಬೀಗ ಹಾಕಿದ್ದರು. ಕರೆಂಟು ಹೋಗಿ ಫ್ರಿಜ್ಜು ನಿಂತು, ನಳಿಗೆಗಳ ಮೇಲೆಲ್ಲ ಬೇರೆ ಹೊಲಸು ಬೆಳೆದು ಅವಳದ್ದೆಲ್ಲ ಹಾಳಾಗಿತ್ತು. ದೀಪಾವಳಿಯ ಆಚೆ ಅವಳು ಓಡೋಡಿ ಬಂದಳು. ಅಷ್ಟರಲ್ಲಿ ಚೇಂಬರಿನೊಳಗೆ ಮಣೂಕದ ಪೆಟ್ಟಿಗೆಗಳನ್ನು ಮಾಳಿಗೆಯವರೆಗೆ ಒಟ್ಟಿದ್ದೆವು. ಆ ಮೂಲೆ ಕಾಣುತ್ತಲೂ ಇರಲಿಲ್ಲ.

“ಪುಣ್ಯಾಕ್ಕ ಗೋಡಿ ಐತಿ ಕಾಕಾ,” ಎಂದು ನಕ್ಕಳು. ದಾರಿಯುದ್ದಕ್ಕೂ ಅತ್ತಿದ್ದಳೆಂದು ಮುಖದಲ್ಲೇ ತಿಳಿಯುತ್ತಿತ್ತು. “ಒಂದೀಟು ಕೆರಕೊಂಡು ಹೋಗ್ತೇನಿ.”

ನಾನು ಆಗಲಾದರೂ ಹೇಳಬೇಕಿತ್ತು. ಹೇಳಿದ್ದರೆ, ಹಳೆಯ ಖಾಲಿ ಡಬ್ಬಿಗಳ ಮೈಗೆ ಹತ್ತಿದ್ದೇನಾದರೂ ಉಳಿದಿದೆಯೇ, ಪಕ್ಕದ ಚೇಂಬರಿನ ಸಂದಿಯಲ್ಲಿದೆಯೇ ಎಂದು ಅವಳು ಹುಡುಕುತ್ತಿದ್ದಳು. ಸಿಗುತ್ತಿತ್ತೋ ಏನೋ. ನಾನು ಅಂದದ್ದು: “ಪೆಟಗಿ ತಗಿಯಾಕ ಬರಂಗಿಲ್ಲವ್ವಾ. ನಿನ್ನ ನಳಿಗಿ ಇಟ್ಟ ಹೋಗು. ಸಂದ್ಯಾಗ ಕೈ ಹಾಕಿ ನಾನ ತಗದು ಇಡ್ತೇನಿ, ನಾಳಿ ಒಯ್ಯಿ.”

ಕಟ್ಟಡದ ಹಿಂದೆ ಕಂಪ್ರೆಸರಿನ ಬಿಸಿನೀರು ಬೀಳುವ ಒಂದು ತೊಟ್ಟಿಯಿತ್ತು. ಅದರ ಅಂಚಿಗೂ ನಸುಗೆಂಪಾದ ಲೋಳೆ ಕಟ್ಟುತ್ತಿತ್ತು. ನೋಡಲು ಹೆಚ್ಚು ಕಡಿಮೆ ಅದೇ ಬಣ್ಣ. ಅವಳು ಕೊಟ್ಟ ಹತ್ತಿಯ ಕಡ್ಡಿಯಿಂದ ಅದನ್ನು ಒರೆಸಿ ನಳಿಗೆಯಲ್ಲಿ ಹಾಕಿ, ಬಿರಡೆ ಬಿಗಿದು ಕೊಟ್ಟೆ. ಅವಳು ಎರಡೂ ಕೈಯಲ್ಲಿ ತೆಗೆದುಕೊಂಡಳು. “ನೀವಿದ್ದೀರಿ ಅಂತ ನಾ ಬದುಕಿದೆ,” ಎಂದಳು.

ಚಳಿಗಾಲ ಕಳೆಯಿತು, ಬೇಸಿಗೆ ಕಳೆಯಿತು. ಅವಳು ಬರುವುದು ಕಡಿಮೆಯಾಯಿತು. ಬಂದಾಗ ಕೆಲಸದ ಮಾತು ಎತ್ತುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ. ಒಮ್ಮೆ ತಾನಾಗಿ ಹೇಳಿದಳು, ಈಗಿನದು ಯಾಕೋ ತಂಪಿನಲ್ಲಿ ಮೈಗಳ್ಳತನ ಮಾಡುತ್ತದೆ, ಬೂಷ್ಟು ಅದರ ಮೇಲೆಯೇ ಹತ್ತಿ ಬೆಳೆಯುತ್ತದೆ ಎಂದು. ಮಿಸ್ತ್ರಿ ಎದ್ದು ಹೊರಗೆ ಹೋದ. ಅವನು ಅವಳಿಗೆ ಹೇಳಿಬಿಟ್ಟಾನೆಂಬ ಹೆದರಿಕೆಗೆ ಸಂಜೆ ಅವನ ಮುಂದೆ ಕೈ ಮುಗಿದೆ. “ನಾ ಹೇಳೂದಿಲ್ಲ,” ಎಂದ. “ಹೇಳಬೇಕಾದಾವ ನಾ ಅಲ್ಲ.” ಆಮೇಲೆ ಅವನು ನನ್ನ ಜೊತೆ ಚಹಾ ಕುಡಿಯುವುದನ್ನು ಬಿಟ್ಟ. ಜಗಳವಾಡಲಿಲ್ಲ, ಬಿಟ್ಟ ಅಷ್ಟೆ.

ಇನ್ನು ಬರೆಯಬೇಕಾದದ್ದು ಎಲ್ಲಕ್ಕಿಂತ ಕಷ್ಟದ್ದು.

ಭಾದ್ರಪದದಲ್ಲಿ ದಶಲಕ್ಷಣ ಪರ್ವ ಮುಗಿದ ಮೇಲೆ ನಮ್ಮಲ್ಲಿ ಕ್ಷಮಾವಾಣಿ ಎಂದು ಮಾಡುತ್ತಾರೆ. ಅಂದು ಹಿರಿಯರು ಕಿರಿಯರೆನ್ನದೆ ಎಲ್ಲರೂ ಎಲ್ಲರ ಕ್ಷಮೆ ಕೇಳುತ್ತಾರೆ. ತಿಳಿದೋ ತಿಳಿಯದೆಯೋ ತಪ್ಪಾಗಿದ್ದರೆ ಕ್ಷಮಿಸಿರಿ ಎಂದು ಒಬ್ಬರು ಕೈ ಮುಗಿದರೆ, ಉತ್ತಮ ಕ್ಷಮಾ ಎಂದು ಇನ್ನೊಬ್ಬರು ಕೈ ಮುಗಿಯುತ್ತಾರೆ. ಯಾವ ತಪ್ಪೆಂದು ಯಾರೂ ಬಿಡಿಸಿ ಕೇಳುವುದಿಲ್ಲ. ಆ ವರ್ಷ ಆ ದಿನವೇ ಅವಳು ಊರಿಗೆ ಹೋಗುವ ದಾರಿಯಲ್ಲಿ ಇಳಿದಳು. ಸೊರಗಿದ್ದಳು. ಆಫೀಸಿನಲ್ಲಿ ನಾನೊಬ್ಬನೇ ಇದ್ದೆ.

“ಕಾಕಾ, ಒಂದ ಮಾತ ಕೇಳ್ತೇನಿ. ಖರೆ ಹೇಳ್ರಿ,” ಎಂದಳು. “ಆ ಗಾಜಿನ ತಟ್ಟಿ ನಿಮಗ ತೋರ್ಸಿದ್ನೆಲ್ಲ. ಬೂಷ್ಟು ಖರೇನ ದೂರ ನಿಂತಿತ್ತೇನು? ಸರ್ ಅಂತಾರ, ನೀ ಆಸೇಕ್ಕ ಬಿದ್ದು ಕಂಡೀದಿ, ಇಲ್ಲದ್ದನ್ನ ಕಂಡೀದಿ ಅಂತ. ನನಗೂ ಈಗ ಹಂಗ ಅನಸಾಕತ್ತೇತಿ. ಸರ್ ನೋಡೂದ್ರಾಗ ಆ ತಟ್ಟಿ ಕೆಟ್ಟ ಹೋಗಿತ್ತು. ನೋಡಿದವರು ಬ್ಯಾರೆ ಯಾರೂ ಇಲ್ಲ, ನೀವ ಒಬ್ರು.”

ಹೌದು ಎಂದರೆ ಮುಂದಿನ ಪ್ರಶ್ನೆ ಬರುತ್ತದೆ: ಮತ್ತೆ ಈಗ ಯಾಕೆ ಇಲ್ಲ? ಆ ಪ್ರಶ್ನೆಯ ಬಾಗಿಲು ತೆರೆಯಬಾರದೆಂದು ನಾನು ಅಂದೆ: “ಆವಾಗ ನನಗ ಚಷ್ಮಾ ಇರಲಿಲ್ಲವ್ವಾ. ಬೆಳಕಿಗೆ ಹಂಗ ಕಂಡಿರಬಹುದು. ನನಗೇನ ತಿಳೀತೈತಿ ಅದರಾಗಿಂದು?”

ಅವಳು ತಲೆಯಾಡಿಸಿದಳು. “ಹಂಗಾರ ಅವರು ಅನ್ನೂದ ಬರೋಬ್ಬರಿ ಇರಬೇಕು,” ಎಂದಳು.

ಹೊರಡಲು ಎದ್ದಾಗ ನಾನು ಕೈ ಮುಗಿದೆ. ತಿಳಿದೋ ತಿಳಿಯದೆಯೋ ಎಂದು ಪೂರ್ತಿ ವಾಕ್ಯ ಹೇಳಿದೆ. ಅವಳ ಕಣ್ಣು ತುಂಬಿದವು. “ನೀವೇನ ಮಾಡೀರಿ ಕಾಕಾ? ಗೋಡಿ ಕಾದಾವ್ರು ನೀವು. ಉತ್ತಮ ಕ್ಷಮಾ,” ಎಂದು ಅವಳೂ ಕೈ ಮುಗಿದು ಬಸ್ಸಿಗೆ ಹೋದಳು. ನಾನು ಆ ರಾತ್ರಿ ಚೆನ್ನಾಗಿ ಮಲಗಿದೆ. ಕೇಳಿದೆ, ಕೊಟ್ಟಳು, ಮುಗಿಯಿತು ಎಂದುಕೊಂಡೆ. ಧರ್ಮದಲ್ಲಿ ಹೀಗೊಂದು ಹಗುರಾಗುವ ದಾರಿ ಇಟ್ಟಿದ್ದಾರಲ್ಲ ಎಂದು ಸಮಾಧಾನವಾಗಿತ್ತು. ನನ್ನ ಜೀವಮಾನದಲ್ಲಿ ನಾನು ಮಾಡಿದ ಕಳವು ಆ ಕ್ಷಮೆಯೊಂದೇ.

ಅವಳು ಓದು ಬಿಟ್ಟಳೆಂದು ಮುಗಳಖೋಡದ ಕಡೆಯ ದ್ರಾಕ್ಷಿಯವರಿಂದ ತಿಳಿಯಿತು. ಆಮೇಲೆ ಚಿಕ್ಕೋಡಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರಾದಳು, ಮದುವೆಯೂ ಆಯಿತು. ಕೋಲ್ಡ್ ಸ್ಟೋರೇಜ್ ಕೂಡ ಹೆಚ್ಚು ವರ್ಷ ನಡೆಯಲಿಲ್ಲ. ಗಡಿಯಾಚೆ ದೊಡ್ಡವು ಆದವು, ಮಾಲು ಅತ್ತ ಹೋಯಿತು. ಸಾವಕಾರರು ಯಂತ್ರ ಮಾರಿ ಕಟ್ಟಡಕ್ಕೆ ಬೀಗ ಹಾಕಿದರು. ಮಿಸ್ತ್ರಿ ಮಗಳ ಊರಿಗೆ ಹೋದ. ಹೋಗುವಾಗ ಕೈ ಕುಲುಕಿ, “ಇನ್ನೂ ಹೇಳಿಲ್ಲ, ಹೌದಲ್ರಿ?” ಎಂದ.

ಪ್ರತಿ ವರ್ಷ ಕ್ಷಮಾವಾಣಿ ಬಂದಾಗ ಬಸದಿಯಲ್ಲಿ ಆ ವಾಕ್ಯ ಬಾಯಿಗೆ ಬರುತ್ತಿರಲಿಲ್ಲ. ಕೈ ಮಾತ್ರ ಮುಗಿಯುತ್ತಿದ್ದೆ. ತೊಂಬತ್ತರ ದಶಕ ಮುಗಿಯುತ್ತ ಬಂದಾಗ, ಪರ್ವವೂ ಅಲ್ಲದ, ಹುಣ್ಣಿಮೆಯೂ ಅಲ್ಲದ ಒಂದು ಸಾದಾ ದಿನ ನೋಡಿ ಚಿಕ್ಕೋಡಿಯ ಬಸ್ಸು ಹತ್ತಿದೆ. ಪರ್ವದ ದಿನ ಹೋದರೆ ಮತ್ತೆ ಆ ವಾಕ್ಯದ ಹಿಂದೆ ಅಡಗಿಬಿಡುತ್ತೇನೆಂದು ಹೆದರಿಕೆಯಿತ್ತು.

ಅವಳು ಶಾಲೆಯ ಪಡಸಾಲೆಗೆ ಬಂದಳು. ತುಸು ದಪ್ಪಗಾಗಿದ್ದಳು, ಬೆರಳಿಗೆ ಸೀಮೆಸುಣ್ಣದ ಪುಡಿ ಹತ್ತಿತ್ತು. “ಅಯ್ಯ ಕಾಕಾ, ಬರ್ರಿ ಬರ್ರಿ. ಎಷ್ಟ ಇಳದೀರಿ! ಕೂಡ್ರಿ, ಚಾ ತರಸ್ತೇನಿ,” ಎಂದಳು. ಚಹಾ ಬರುವ ಮುಂಚೆ ಹೇಳಬೇಕೆಂದು ನಿಂತಲ್ಲೇ ಹೇಳಿದೆ. ಸುಣ್ಣ ಬಳಿದದ್ದು, ತೊಟ್ಟಿಯ ಲೋಳೆ ಕೊಟ್ಟದ್ದು, ಚಷ್ಮಾದ ಸುಳ್ಳು, ಎಲ್ಲ. ಮುಗಿದ ಮೇಲೆ ಅವಳು ಕೇಳಿದ್ದು ಇಷ್ಟು:

“ಅಂದ್ರ ನೀವು ನೋಡಿದ್ರಿ.”

“ನೋಡಿದ್ದೆ. ಬೆರಳಗಲ ಬಿಟ್ಟು ನಿಂತಿತ್ತು. ಎರಡೂ ಬಾಜೂಕ್ಕ.”

ಅವಳು ಕಂಬಕ್ಕೆ ಒರಗಿದಳು. “ಸುಣ್ಣಾ ಹಚ್ಚಿದ್ದು ಬಿಡ್ರಿ. ಮಾಲೀಕರ ಅಂಜಿಕಿ. ಸುಳ್ಳ ನಳಿಗಿ ಕೊಟ್ಟದ್ದೂ ಒಂದ ವ್ಯಾಳೆ ಬಿಟ್ಟೇನು. ಆದ್ರ ನಾ ನಿಮ್ಮನ್ನ ಕೇಳಾಕ ಬಂದಾಗ, ನೀವು ಹೌದಂದಿದ್ರ ಸಾಕಿತ್ತು. ಯಾಕ ಆತು ಅಂತ ಕೇಳ್ತಿರಲಿಲ್ಲ ನಾ. ಹೌದು ನೋಡೇನಿ ಅಂತ ಒಂದ ಮಾತು. ನಾ ಇವತ್ತೂ ಹುಡುಗರಿಗೆ ಪಾಠಾ ಹೇಳೂಮುಂದ ನನ್ನ ಕಣ್ಣ ಮ್ಯಾಲ ನನಗ ಭರೋಸಾ ಇಲ್ಲ ಕಾಕಾ. ಪುಸ್ತಕದಾಗ ಇದ್ದದ್ದಷ್ಟ ಹೇಳ್ತೇನಿ.”

ಚಹಾ ಬಂತು. ಅವಳು ಲೋಟವನ್ನು ನನ್ನ ಕಡೆ ಸರಿಸಿ ಕೇಳಿದಳು:

“ಈಗ ಕ್ಷಮಾ ಕೇಳಾಕ ಬಂದ್ರೇನು?”

“ಇಲ್ಲವ್ವಾ. ಹೇಳಾಕ ಬಂದೆ.”

“ಛಲೋ ಆತು. ಯಾಕಂದ್ರ ಅವತ್ತ ಕೊಟ್ಟಿದ್ನೆಲ್ಲ, ಅದನ್ನ ನಾ ತಿರಗಿ ತಗೋತೇನಿ. ಅದು ನಿಮಗ ಕೊಟ್ಟದ್ದಲ್ಲ, ಗೋಡಿ ಕಾದ ಕಾಕಾಗ ಕೊಟ್ಟದ್ದು.” ದನಿ ಏರಲಿಲ್ಲ. ಆಮೇಲೆ ಅಂದಳು, “ನನಗ ಹೇಳಿ ಏನ ಆಗೂದೈತಿ? ಹೇಳೂದಾದ್ರ ನಮ್ಮ ಸರ್ ಮುಂದ ಹೋಗಿ ಹೇಳ್ರಿ. ಅವರು ರಿಟಾಯರ್ ಆಗಿ ಬೆಳಗಾವ್ಯಾಗ ಅದಾರ.” ಮನೆಯ ಗುರುತು ಹೇಳಿದಳು.

ಮರುವಾರ ಹೋದೆ. ಸಾಹೇಬರು ಬಿಳಿ ಲುಂಗಿ ಉಟ್ಟು ಜಗುಲಿಯಲ್ಲಿ ಪೇಪರು ಓದುತ್ತಿದ್ದರು. ನನ್ನ ಗುರುತು ಹತ್ತಲಿಲ್ಲ. ಅವಳ ಗುರುತೂ ಬೇಗ ಹತ್ತಲಿಲ್ಲ. ದ್ರಾಕ್ಷಿ, ಕೋಲ್ಡ್ ಸ್ಟೋರೇಜು ಎಂದು ಬಿಡಿಸಿ ಹೇಳಿದ ಮೇಲೆ, “ಓ, ಆ ಹುಡುಗಿ,” ಎಂದರು. “ಶ್ಯಾಣ್ಯಾಕಿ ಇದ್ದಳು. ಆದ್ರ ಅವಸರ. ತಾ ಏನ ಬಯಸ್ತಾಳೋ ಅದನ್ನ ಕಾಣ್ತಿದ್ದಳು.”

“ಇಲ್ರಿ ಸಾಹೇಬ್ರ,” ಎಂದೆ. “ಇದ್ದದ್ದನ್ನ ಕಂಡಾಳ. ನಾನೂ ಕಂಡೇನ್ರಿ.” ನಡೆದದ್ದನ್ನೆಲ್ಲ ಹೇಳಿದೆ.

ಅವರು ಪೇಪರು ಮಡಚಿಟ್ಟು ಕೇಳಿದರು. ಕಡೆಗೆ, ಈಗ ಅಂಥ ಈಸ್ಟುಗಳ ಮೇಲೆ ಬೇರೆ ದೇಶಗಳಲ್ಲಿ ಎಷ್ಟೋ ಜನ ಕೆಲಸ ಮಾಡುತ್ತಿದ್ದಾರೆ, ಹಣ್ಣು ಕೆಡದಂತೆ ಕಾಯುವವು ಇವೆಯೆಂದು ತಾವೂ ಓದಿದ್ದಾಗಿ ಹೇಳಿದರು. “ಇರಬಹುದು. ಅಕಿದು ಖರೇನ ಇರಬಹುದು,” ಎಂದರು. ಇನ್ನೇನು ಮಾಡಲಿಕ್ಕಾಗುತ್ತದೆ ಎಂದು ಕೇಳಿದೆ. ಜೀವವೇ ಇಲ್ಲದ ಮೇಲೆ ಏನೂ ಮಾಡಲಾಗುವುದಿಲ್ಲವೆಂದರು. ಚಹಾ ಕುಡಿಸಿ ಕಳಿಸಿದರು.

ಮತ್ತೆ ಚಿಕ್ಕೋಡಿಗೆ ಬಂದು ಶಾಲೆ ಬಿಡುವ ಹೊತ್ತಿಗೆ ಗೇಟಿನಲ್ಲಿ ನಿಂತೆ. ಅವಳು ಹೊರಗೆ ಬಂದು ನನ್ನನ್ನು ನೋಡಿ ನಿಂತಳು. ಈ ಸಲ ಒಳಗೆ ಕರೆಯಲಿಲ್ಲ.

“ಏನಂದ್ರು?”

“ಖರೇನ ಇರಬಹುದು ಅಂದ್ರು.”

“ಇರಬಹುದು ಅಂದ್ರು?”

“ಹೂಂ. ಇರಬಹುದು ಅಂದ್ರು.”

ಅವಳು ಆ ಮಾತನ್ನು ಬಾಯಲ್ಲೇ ಇನ್ನೊಮ್ಮೆ ಅಂದುಕೊಂಡಳು. ಚೀಲವನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಿಸಿದಳು. “ಬಿಸಲ ಭಾಳ ಐತಿ. ನಿಮ್ಮ ಬಸ್ಸಿಗೆ ಇನ್ನೂ ಹೊತ್ತೈತಿ, ಅಲ್ಲೆ ಗಿಡದ ಬುಡಕ್ಕ ನಿಂದ್ರಿ,” ಎಂದಳು. ಕಾಕಾ ಎನ್ನಲಿಲ್ಲ. ಪೇಟೆಯ ಕಡೆ ನಡೆದು ಹೋದಳು. ನಾನು ಅವಳು ಹೇಳಿದ ಗಿಡದ ಬುಡಕ್ಕೆ ಹೋಗಿ ಬಸ್ಸು ಬರುವವರೆಗೆ ನಿಂತೆ.